ಪದವಿಯ ನಂತರ ಸಮ್ಮೇಳನದ ಕೆಲಸ

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲೆ ಮನೆಮನೆಗಳಲ್ಲಿ ನಡೆಯುವ ಮಾತುಕತೆಯ ಸ್ವರೂಪ ಸಮಾಜಬಾಂಧವರಿಗೆ ತಿಳಿಯದ್ದೇನಲ್ಲ. ಶಿಕ್ಷಕ ವೃತ್ತಿ, ಬ್ಯಾಂಕು, ಸರ್ಕಾರಿ ಕಚೇರಿ, ಬೆಂಗಳೂರಿನ ಕಂಪ್ಯೂಟರ್ ಕಂಪನಿ, ಈ ನಾಲ್ಕು ದಾರಿಗಳಲ್ಲಿ ಒಂದನ್ನು ಮಗನೋ ಮಗಳೋ ಹಿಡಿದರೆ ಹಿರಿಯರಿಗೆ ಸಮಾಧಾನ. ಪ್ರವಚನದ ನಿಮಿತ್ತ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಿಗೆ ಹೋದಾಗ ಈಚಿನ ವರ್ಷಗಳಲ್ಲಿ ನಮಗೆ ಐದನೆಯ ಉತ್ತರವೊಂದು ಕೇಳಿಬರುತ್ತಿದೆ. ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದ ತರುಣನೊಬ್ಬ, ತಾನು ಸಮ್ಮೇಳನಗಳನ್ನು ಏರ್ಪಡಿಸುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೇನೆಂದು ಹೇಳುತ್ತಾನೆ. ತಂದೆಯ ಮುಖ ಸಣ್ಣದಾಗುತ್ತದೆ. ಪೆಂಡಾಲು ಹಾಕಿಸುವುದಕ್ಕೆ ಬಿ.ಕಾಂ. ಓದಬೇಕಿತ್ತೇ ಎಂಬ ಪ್ರಶ್ನೆ ಆತನ ಬಾಯಿಂದ ಹೊರಬಾರದಿದ್ದರೂ ಕಣ್ಣಿನಲ್ಲಿ ಕಾಣುತ್ತದೆ.

ಈ ಪ್ರಶ್ನೆಗೆ ಉತ್ತರ ಹೇಳುವುದು ಅಗತ್ಯವೆಂದು ನಮಗೆ ತೋರಿದೆ. ಏಕೆಂದರೆ ನಮ್ಮ ಸಮಾಜವು ಇಂದು ಯಾವ ಸಂಸ್ಥೆಗಳ ಬಗ್ಗೆ ಅಭಿಮಾನ ಪಡುತ್ತದೆಯೋ ಅವುಗಳಲ್ಲಿ ಹೆಚ್ಚಿನವು ಯಾವುದೋ ಒಂದು ಸಭೆಯಲ್ಲಿ, ಸಮ್ಮೇಳನದಲ್ಲಿ ಹುಟ್ಟಿದವು. ಆ ಸಭೆಗಳ ಅಧ್ಯಕ್ಷರ ಹೆಸರು ನಮಗೆ ಕಂಠಪಾಠವಾಗಿದೆ. ಆಮಂತ್ರಣ ಬರೆದವರು, ಗಾಡಿ ಕಟ್ಟಿಸಿದವರು, ಅಕ್ಕಿ ಅಳೆದವರು ಯಾರೆಂದು ಕೇಳಿದರೆ ನಾವು ಮೌನ ವಹಿಸಬೇಕಾಗುತ್ತದೆ. ಅನುಭವ ಮಂಟಪವನ್ನೇ ನೋಡಿರಿ. ಪರಂಪರೆಯು ಹೇಳುವಂತೆ ಅಲ್ಲಿ ಶೂನ್ಯಪೀಠವನ್ನೇರಿದವರು ಅಲ್ಲಮಪ್ರಭುದೇವರು. ನಾಡಿನ ಮೂಲೆಮೂಲೆಗಳಿಂದ ಶರಣರನ್ನು ಬರಮಾಡಿಕೊಂಡು, ಇರಿಸಿ, ಉಣಿಸಿ, ಮಾತಿಗೆ ಅವಕಾಶ ಕಲ್ಪಿಸಿದವರು ಬಸವಣ್ಣನವರು. ಪೀಠದಲ್ಲಿ ಕೂಡುವುದು ಬೇರೆ, ಪೀಠವು ನಿಲ್ಲುವಂತೆ ಮಾಡುವುದು ಬೇರೆ. ಎರಡನೆಯದನ್ನು ಕೀಳೆಂದು ಬಗೆಯಲು ನಮ್ಮವರಿಗಂತೂ ಅಧಿಕಾರವಿಲ್ಲ.

ಶಿರಸಿಯಿಂದ ಮೂಡಣ ದಿಕ್ಕಿಗೆ ಹೊರಟರೆ ಸಿಗುವ ಹಾನಗಲ್ಲಿನ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ 1904ರಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ಧಾರವಾಡದಲ್ಲಿ ಸೇರಿತು. ಅಧ್ಯಕ್ಷತೆ ವಹಿಸಿದವರು ತ್ಯಾಗವೀರ ಸಿರಸಂಗಿ ಲಿಂಗರಾಜ ದೇಸಾಯಿಯವರು. ದೂರವಾಣಿ ಊರೂರಿಗೆ ಬಾರದ ಕಾಲ, ಧ್ವನಿವರ್ಧಕವೂ ಇಲ್ಲದ ಕಾಲ ಅದು. ಮುಂಬಯಿ ಪ್ರಾಂತ, ಮೈಸೂರು ಸಂಸ್ಥಾನ, ನಿಜಾಮರ ಸೀಮೆ ಎಂದು ಹರಿದು ಹಂಚಿಹೋಗಿದ್ದ ಜನರನ್ನು ಒಂದೇ ಚಪ್ಪರದ ಕೆಳಗೆ ತರುವುದೆಂದರೆ ಎಷ್ಟು ಕಾಗದಗಳು, ಎಷ್ಟು ಪ್ರಯಾಣ, ಎಷ್ಟು ಜನರ ಮನವೊಲಿಕೆ ಬೇಕಾಗಿದ್ದಿರಬಹುದು! ಮರುವರ್ಷವೇ ಅಧಿವೇಶನ ಬೆಂಗಳೂರಿನಲ್ಲಿ ನಡೆಯಿತು. ಒಂದು ಸಭೆ ನಡೆಸುವುದು ಉತ್ಸಾಹದಿಂದ ಸಾಧ್ಯ. ಎರಡನೆಯ ಸಭೆ ನಡೆಯಬೇಕಾದರೆ ಮೊದಲನೆಯದರ ಲೆಕ್ಕ ಸರಿಯಾಗಿರಬೇಕು.

ಇನ್ನು ಶಿರಸಿ ತಾಲ್ಲೂಕಿನವರೇ ಆದ ಹರ್ಡೇಕರ ಮಂಜಪ್ಪನವರು. 1886ರಲ್ಲಿ ಬನವಾಸಿಯಲ್ಲಿ ಜನಿಸಿದ ಅವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಶಿರಸಿಯಲ್ಲಿ ಶಿಕ್ಷಕರಾಗಿದ್ದರು. ಆ ಕಾಲಕ್ಕೆ ಅದು ಇಂದಿನ ಪದವಿಗೇನೂ ಕಡಿಮೆಯಲ್ಲ, ಸಂಬಳದ ಭದ್ರತೆಯಲ್ಲಂತೂ ಹೆಚ್ಚೇ. 1906ರಲ್ಲಿ ಸ್ವದೇಶೀ ಚಳವಳಿಯ ಸೆಳೆತಕ್ಕೆ ಸಿಕ್ಕಿ ಆ ಕೆಲಸ ಬಿಟ್ಟು ದಾವಣಗೆರೆಗೆ ಹೋದರು, ‘ಧನುರ್ಧಾರಿ’ ಪತ್ರಿಕೆ ನಡೆಸಿದರು. 1913ರಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆಚರಿಸಿದರು. ಇಂದು ಸರ್ಕಾರವೇ ರಜೆ ಕೊಟ್ಟು ಆಚರಿಸುವ ದಿನವೊಂದು ಹಳ್ಳಿಹಳ್ಳಿಗೆ ತಲಪುವುದಕ್ಕೆ ಮೊದಲು, ಅದನ್ನು ಬೀದಿಗೆ ತಂದು, ಮೆರವಣಿಗೆಯೆಂದರೇನು, ಉಪನ್ಯಾಸವೆಂದರೇನು ಎಂದು ಒಂದು ಕ್ರಮವನ್ನು ಕಟ್ಟಿಕೊಟ್ಟವರು ಸಂಘಟಕರು. ಬನವಾಸಿಯ ಮನೆಯವರು ಅಂದು ಏನೆಂದುಕೊಂಡಿದ್ದರೋ! ಕೈಯಲ್ಲಿದ್ದ ಮಾಸ್ತರಿಕೆ ಬಿಟ್ಟು ಉತ್ಸವ ಮಾಡಿಸಲು ಹೊರಟನಲ್ಲ ಎಂದು ನಾಲ್ಕು ಜನ ಆಡಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಹಳೆಯ ಮಾತು ಇಷ್ಟು ಸಾಕು. ಪದವೀಧರನ ವಿಚಾರಕ್ಕೆ ಬರೋಣ. ಸಮ್ಮೇಳನ ಸಂಘಟಕನ ಕೆಲಸವೆಂದರೆ ನಿಜವಾಗಿ ಏನು?

ಸಭೆ ಎರಡು ದಿನದ್ದು, ಅದರ ಕೆಲಸ ಆರು ತಿಂಗಳದ್ದು. ವಿಷಯ ಯಾವುದು, ಯಾರಿಗಾಗಿ, ಏತಕ್ಕಾಗಿ ಎಂಬುದು ಮೊದಲು ಗೊತ್ತಾಗಬೇಕು. ಇದು ಗೊತ್ತಾಗದೆಯೇ ದಿನಾಂಕ ಗೊತ್ತುಮಾಡುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಆಮೇಲೆ ಸ್ಥಳ, ವಿದ್ವಾಂಸರಿಗೆ ಪತ್ರ, ಅವರಿಂದ ಪ್ರಬಂಧದ ಸಾರಾಂಶ ತರಿಸಿಕೊಳ್ಳುವುದು, ಅದನ್ನು ಬಲ್ಲವರಿಂದ ಪರಿಶೀಲನೆ ಮಾಡಿಸುವುದು. ಪ್ರತಿನಿಧಿಗಳ ನೋಂದಣಿ, ಪ್ರವಾಸ, ವಸತಿ. ಪ್ರಾಯೋಜಕರ ಬಾಗಿಲು ತಟ್ಟುವುದು. ಆಯವ್ಯಯ ಪತ್ರಿಕೆ. 2017ರ ಜುಲೈಯಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಪ್ರಕಾರ ಇಂಥ ಏರ್ಪಾಟಿನ ಸೇವೆಗೆ ಶೇಕಡಾ 18 ತೆರಿಗೆ ಬೀಳುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದವನು ಕೊನೆಗೆ ಕೈಯಿಂದ ಕಟ್ಟಬೇಕಾಗುತ್ತದೆ. ಧ್ವನಿವರ್ಧಕಕ್ಕೆ ಅನುಮತಿ ಬೇಕು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅದನ್ನು ಹಚ್ಚುವಂತಿಲ್ಲ. ಬಿ.ಕಾಂ. ಓದಿದ್ದು ಎಲ್ಲಿ ಕೆಲಸಕ್ಕೆ ಬರುತ್ತದೆಂದು ಕೇಳುವ ತಂದೆಗೆ ಇಷ್ಟು ಹೇಳಿದರೆ ಅರ್ಥವಾದೀತು. ಬಿ.ಎ. ಓದಿದವನ ಭಾಷೆ, ಪತ್ರ ಬರೆಯುವ ಸೌಜನ್ಯ, ಪ್ರಬಂಧದಲ್ಲಿ ಹುರುಳಿದೆಯೋ ಇಲ್ಲವೋ ಎಂದು ತಿಳಿಯುವ ಸೂಕ್ಷ್ಮ, ಇವು ಪೆಂಡಾಲಿನವನಲ್ಲಿ ಸಿಗುವುದಿಲ್ಲ.

ಹಾಗೆಂದು ಪೆಂಡಾಲಿನವನ ವಿದ್ಯೆ ಕಡಿಮೆಯೆಂದಲ್ಲ. ನಮಗೆ ಈ ವಿದ್ಯೆಯ ಮೊದಲ ಪಾಠಗಳು ದೊರೆತದ್ದು ಪುಸ್ತಕದಿಂದಲ್ಲ, ಮಠದ ದಾಸೋಹದ ಮನೆಯಿಂದ. ಕಿಲೋ ಅಕ್ಕಿಗೆ ಎಂಟರಿಂದ ಹತ್ತು ಜನ, ಐನೂರು ಜನಕ್ಕೆ ಐವತ್ತು-ಅರವತ್ತು ಕಿಲೋ ಎಂಬ ಲೆಕ್ಕ ಅಡುಗೆಯ ಹಿರಿಯರ ಬೆರಳತುದಿಯಲ್ಲಿರುತ್ತಿತ್ತು. ಅದಕ್ಕಿಂತ ಸೂಕ್ಷ್ಮವಾದುದು ಇನ್ನೊಂದು. ಪ್ರವಚನ ಬೇಗ ಮುಗಿದರೆ ಜನ ಒಮ್ಮೆಲೇ ಪಂಕ್ತಿಗೆ ನುಗ್ಗುತ್ತಾರೆ, ತಡವಾದರೆ ದೂರದ ಊರಿನವರು ಉಣ್ಣದೆ ಹೊರಡುತ್ತಾರೆ. ಆದುದರಿಂದ ಒಲೆಯ ಮುಂದಿನವರಿಗೂ ವೇದಿಕೆಯ ಮೇಲಿನವರಿಗೂ ನಡುವೆ ಸುದ್ದಿ ಮುಟ್ಟಿಸುವ ಹುಡುಗನೊಬ್ಬ ಯಾವಾಗಲೂ ಓಡಾಡುತ್ತಿರಬೇಕು. ಆ ಓಟವನ್ನು ನಾವೂ ಹಲವು ವರ್ಷ ಓಡಿದ್ದೇವೆ. ಇಂದಿನ ತರುಣರು ಅದೇ ಕೆಲಸವನ್ನು ಕಿವಿಗೆ ಸಿಕ್ಕಿಸಿದ ಯಂತ್ರದಿಂದ ಮಾಡುತ್ತಾರೆ. ಕಾಲಿಗೆ ಶ್ರಮ ಕಡಿಮೆ.

ಮೂರು ತಾಲ್ಲೂಕುಗಳಲ್ಲಿ ಕೆಲಸ ಮಾಡುವವನಿಗೆ ಬೇರೆಯದೇ ಆದ ಕೆಲವು ತಿಳಿವಳಿಕೆಗಳು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬಯಲಿನ ಸಭೆಯ ಮಾತೇ ಆಗ ಇಲ್ಲ. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ಹೋದರೆ ಯಾವಾಗ ಬರುವುದೆಂದು ಹೇಳಲಾಗದು, ಜನರೇಟರ್ ಇಲ್ಲದೆ ಮುಚ್ಚಿದ ಸಭಾಂಗಣವೂ ಕತ್ತಲೆಯೇ. ಸಮಸಂಖ್ಯೆಯ ವರ್ಷಗಳಲ್ಲಿ ಮಾಘ-ಫಾಲ್ಗುಣದ ಸುಮಾರಿಗೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ. ಆ ದಿನಗಳಲ್ಲಿ ಒಂದು ಕೋಣೆಯೂ ಸಿಗದು, ಒಂದು ವಾಹನವೂ ಸಿಗದು. ಅಡಿಕೆ ಕೊಯ್ಲಿನ ಹಂಗಾಮಿನಲ್ಲಿ ಆಮಂತ್ರಣ ಹಂಚಿದರೆ ತೋಟಿಗರು ನಗುತ್ತಾರೆ. ಮೂರು ಊರುಗಳಲ್ಲಿ ಯಾವುದಕ್ಕೂ ರೈಲಿಲ್ಲ. ಸಿದ್ದಾಪುರಕ್ಕೆ ಸಮೀಪದ ನಿಲ್ದಾಣವೆಂದರೆ ಸಾಗರ ತಾಲ್ಲೂಕಿನ ತಾಳಗುಪ್ಪ. ಯಲ್ಲಾಪುರಕ್ಕೆ ಬರುವವರು ಹುಬ್ಬಳ್ಳಿಯಲ್ಲಿಳಿದು ಅಂಕೋಲೆಯ ಹೆದ್ದಾರಿ ಹಿಡಿಯಬೇಕು. ದೆಹಲಿಯ ವಿದ್ವಾಂಸರೊಬ್ಬರಿಗೆ ಇದನ್ನೆಲ್ಲ ಮುಂಚಿತವಾಗಿ ಬರೆದು ತಿಳಿಸುವುದು ಸಂಘಟಕನ ಧರ್ಮ. ಘಟ್ಟದ ತಿರುವುಗಳಲ್ಲಿ ತಲೆ ತಿರುಗಿದವರು ಮಧ್ಯಾಹ್ನದ ಗೋಷ್ಠಿಯಲ್ಲಿ ಮಾತನಾಡಲಾರರು.

ಇಷ್ಟೆಲ್ಲ ಅಡಚಣೆಗಳಿರುವ ಊರಿನಲ್ಲಿ ದೊಡ್ಡ ಸಭೆಗಳಾಗಿಲ್ಲವೇ? ಆಗಿವೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ 1931ರಲ್ಲಿ ಕಾರವಾರದಲ್ಲಿ, 1954ರಲ್ಲಿ ಕುಮಟೆಯಲ್ಲಿ, 1982ರಲ್ಲಿ ಶಿರಸಿಯಲ್ಲಿ ಸೇರಿತು. ಶಿರಸಿಯ ಅಧ್ಯಕ್ಷರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಆದರೆ ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಒಂದು ವರ್ಷ ಹಿಂದೆ, 1981ರ ಜನವರಿಯಲ್ಲಿ, ಶಿರಸಿಯಲ್ಲಿ ನಡೆದ ಚಿಕ್ಕ ಸಭೆಯೊಂದು ಈ ವೃತ್ತಿಗೆ ಬರುವ ಪ್ರತಿಯೊಬ್ಬ ತರುಣನೂ ಅರಿತಿರಬೇಕಾದ ಸಂಗತಿ.

ಬೇಡ್ತಿ ನದಿಗೆ ಜಲವಿದ್ಯುತ್ತಿನ ಅಣೆಕಟ್ಟು ಕಟ್ಟುವ ಯೋಜನೆ ಅಂದು ಸಿದ್ಧವಾಗಿತ್ತು. ಯಲ್ಲಾಪುರದ ಕಡೆಯ ಅಡಿಕೆ ತೋಟಗಳು, ಕಾಡು, ಮನೆಗಳು ಮುಳುಗುವುದಿತ್ತು. ವಿರೋಧಿಸಿದವರು ತೋಟಿಗರು. ಘೋಷಣೆ ಕೂಗಿ, ಮನವಿ ಸಲ್ಲಿಸಿ ಅವರು ಸುಮ್ಮನಾಗಬಹುದಿತ್ತು. ಹಾಗಾಗಲಿಲ್ಲ. 1923ರಲ್ಲಿ ಸ್ಥಾಪನೆಯಾಗಿ ಅಡಿಕೆ ಬೆಳೆಗಾರರ ವ್ಯಾಪಾರವನ್ನು ನೋಡಿಕೊಂಡು ಬಂದಿದ್ದ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ವಿಜ್ಞಾನಿಗಳನ್ನೂ ಅರ್ಥಶಾಸ್ತ್ರ ಬಲ್ಲವರನ್ನೂ ಇಂಜಿನಿಯರುಗಳನ್ನೂ ಶಿರಸಿಗೆ ಕರೆಸಿ, ಈ ಅಣೆಕಟ್ಟಿನಿಂದ ಲಾಭವೆಷ್ಟು, ಹಾನಿಯೆಷ್ಟು ಎಂದು ವಿಚಾರ ಸಂಕಿರಣ ನಡೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಂಥ ಪರಿಸರ ವಿಜ್ಞಾನಿಗಳು ಈ ಚರ್ಚೆಯಲ್ಲಿ ತೊಡಗಿದರು. ಸರ್ಕಾರದ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಕಾಡಿನ ಬೆಲೆ, ತೋಟದ ಬೆಲೆ ಲೆಕ್ಕಕ್ಕೆ ಬಂತು. ಪ್ರಬಂಧಗಳು ಅಲ್ಲಿಗೇ ಕಳೆದುಹೋಗಲಿಲ್ಲ. ಅದೇ ವರ್ಷ ದೆಹಲಿಯ ಗಾಂಧಿ ಶಾಂತಿ ಪ್ರತಿಷ್ಠಾನವು ಅವನ್ನು ‘ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್’ ಎಂಬ ಗ್ರಂಥವಾಗಿ ಹೊರತಂದಿತು. ಯೋಜನೆ ಮುಂದೆ ಕೈಬಿಟ್ಟುಹೋಯಿತು.

ಇಲ್ಲಿ ಗಮನಿಸಬೇಕಾದುದು ಇದು: ಅಡಿಕೆ ಮಾರುವ ಸಂಘವೊಂದು ವಿದ್ವತ್ ಗೋಷ್ಠಿ ನಡೆಸಿತು. ಯಾರನ್ನು ಕರೆಯಬೇಕೆಂದು ಅದಕ್ಕೆ ತಿಳಿದಿತ್ತು. ಕರೆದವರು ನಂಬಿ ಬಂದರು. ಆಡಿದ ಮಾತು ಅಚ್ಚಾಯಿತು. ಹಾರ ತುರಾಯಿಗಳು ಎಷ್ಟಿದ್ದವೋ ಯಾರಿಗೂ ಈಗ ನೆನಪಿಲ್ಲ, ಗ್ರಂಥ ಉಳಿದಿದೆ. ಬೇಡ್ತಿಯ ನೀರನ್ನು ವರದೆಗೆ ಹರಿಸುವ ಯೋಜನೆಯ ಸುದ್ದಿ ಮತ್ತೆ ಎದ್ದಿರುವ ಈ ವರ್ಷಗಳಲ್ಲಿ ಇದೇ ಸೀಮೆಯಲ್ಲಿ ಮತ್ತೆ ಸಮಾವೇಶಗಳಾಗುತ್ತಿವೆ. ಅವುಗಳಿಗೆ ಕುರ್ಚಿ ಹಾಕಿಸುವವರಷ್ಟೇ ಅಲ್ಲ, ಕಡತ ಜೋಡಿಸಬಲ್ಲ ಪದವೀಧರರು ಬೇಕಾಗಿದ್ದಾರೆ.

ಪದವಿ ಪಡೆದು ಊರಿಗೆ ಮರಳಿ ಇದೇ ಕಾಯಕ ಹಿಡಿದವರ ನಿದರ್ಶನ ಬೇಕಿದ್ದರೆ ಸಿದ್ದಾಪುರದ ಗಡಿ ದಾಟಿ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋಗಬೇಕು. ಕೆ.ವಿ. ಸುಬ್ಬಣ್ಣನವರು ಮೈಸೂರಿನ ಮಹಾರಾಜಾ ಕಾಲೇಜಿನ ಪದವೀಧರರು. ಓದು ಮುಗಿಸಿ ತೋಟದ ಮನೆಗೆ ಹಿಂತಿರುಗಿದರು. ಊರವರು 1949ರಲ್ಲಿ ಕಟ್ಟಿದ್ದ ನೀನಾಸಮ್ ಎಂಬ ನಾಟಕ ಸಂಘವನ್ನು ಬೆಳೆಸುತ್ತ, ನಾಡಿನ ದೊಡ್ಡ ದೊಡ್ಡ ಲೇಖಕರೂ ಚಿಂತಕರೂ ಆ ಹಳ್ಳಿಗೆ ಬಂದು, ಸಾಲಿನಲ್ಲಿ ಕುಳಿತು ಉಂಡು, ದಿನಗಟ್ಟಲೆ ಚರ್ಚಿಸುವಂಥ ಸಂಸ್ಕೃತಿ ಶಿಬಿರಗಳನ್ನು ನಡೆಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಸಂಸ್ಥೆ ನಡೆಯುತ್ತಿದೆ. ಸಂಘಟನೆ ಗಟ್ಟಿಯಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸುಬ್ಬಣ್ಣನವರಿಗೆ ಅಡಿಕೆ ತೋಟವಿತ್ತು, ಸಂಬಳಕ್ಕಾಗಿ ಅವರು ಈ ಕೆಲಸ ಮಾಡಲಿಲ್ಲ ಎಂಬ ಆಕ್ಷೇಪಣೆ ಏಳುವುದು ಸಹಜ. ಸೇವೆಯಾಗಿ ಮಾಡುವುದನ್ನು ಹಣಕ್ಕೆ ಮಾಡಬಹುದೇ? ನಮ್ಮ ಅಭಿಪ್ರಾಯ ಸ್ಪಷ್ಟ. ಕಾಯಕವೆಂದರೆ ಫಲವಿಲ್ಲದ ದುಡಿಮೆಯೆಂದು ಶರಣರು ಎಲ್ಲಿಯೂ ಹೇಳಲಿಲ್ಲ. ದುಡಿದು, ಗಳಿಸಿ, ಗಳಿಸಿದ್ದರಲ್ಲಿ ದಾಸೋಹ ಮಾಡೆಂದರು. ಗಳಿಸದವನು ದಾಸೋಹವನ್ನಾದರೂ ಹೇಗೆ ಮಾಡಿಯಾನು? ವೈದ್ಯರ ಸಮ್ಮೇಳನ, ಕೃಷಿ ವಿಜ್ಞಾನಿಗಳ ಸಮ್ಮೇಳನ, ಕಂಪನಿಗಳ ವಾರ್ಷಿಕ ಸಭೆಗಳನ್ನು ಕೂಲಿ ಪಡೆದು ಚೊಕ್ಕಟವಾಗಿ ನಡೆಸಿಕೊಡುವವನು ಪ್ರಾಮಾಣಿಕ ಕಾಯಕಜೀವಿಯೇ. ಬೆಂಗಳೂರಿನಲ್ಲಿ ತಂತ್ರಜ್ಞಾನದ ವಾರ್ಷಿಕ ಮೇಳ, ಯಲಹಂಕದಲ್ಲಿ 1996ರಿಂದ ನಡೆದು ಬಂದಿರುವ ವಿಮಾನ ಪ್ರದರ್ಶನ ಮುಂತಾದವುಗಳ ಹಿಂದೆ ದುಡಿಯುವ ಕೈಗಳಲ್ಲಿ ಮಲೆನಾಡಿನ ಮಕ್ಕಳ ಕೈಗಳೂ ಇರಲಿ. ಅತ್ತ ಅಮೆರಿಕದಲ್ಲಿ ಉತ್ತರ ಅಮೆರಿಕದ ವೀರಶೈವ ಸಮಾಜದವರು ವರ್ಷಕ್ಕೊಮ್ಮೆ ಸೇರುವ ಸಮಾವೇಶವನ್ನು ವೈದ್ಯರು, ಇಂಜಿನಿಯರುಗಳು ಬಿಡುವಿನ ವೇಳೆಯಲ್ಲಿ ಉಚಿತವಾಗಿ ಏರ್ಪಡಿಸುತ್ತಾರೆ. ಹೊಟ್ಟೆಗೆ ಬೇರೆ ಉದ್ಯೋಗವಿರುವವರಿಗೆ ಅದು ಶೋಭೆ. ಈಗ ತಾನೇ ಪದವಿ ಮುಗಿಸಿದ ಬಡವರ ಮಗನನ್ನು ನಮ್ಮ ಸಂಘಗಳು ಮೂರು ತಿಂಗಳು ದುಡಿಸಿಕೊಂಡು, ಕೊನೆಯ ದಿನ ಒಂದು ಶಾಲು ಹೊದಿಸಿ ಕಳುಹಿಸುವುದು ಶೋಭೆಯಲ್ಲ. ಬಸ್ಸಿನ ಖರ್ಚಿಗೂ ಶಾಲು ಆಗುವುದಿಲ್ಲ.

ತಂದೆತಾಯಿಗಳ ಆತಂಕಗಳಲ್ಲಿ ನಿಜವಾದವೂ ಉಂಟು. ಅವನ್ನು ಮುಚ್ಚಿಡಲು ನಾವು ಬರೆಯುತ್ತಿಲ್ಲ. ಆದಾಯ ಹಂಗಾಮಿನದು. ಕೆಲಸದ ವೇಳೆಗೆ ಮಿತಿಯಿಲ್ಲ. ಸಭೆಯ ಹಿಂದಿನ ರಾತ್ರಿ ನಿದ್ರೆಯೆಂಬುದಿಲ್ಲ. ಹಣ ಬರಬೇಕಾದಲ್ಲಿಂದ ತಡವಾಗಿ ಬರುತ್ತದೆ, ಕೊಡಬೇಕಾದವರು ಬೆಳಗ್ಗೆಯೇ ಬಾಗಿಲಲ್ಲಿ ನಿಲ್ಲುತ್ತಾರೆ. ನಮಗೆ ಪರಿಚಯದ ಸಿದ್ದಾಪುರ ಕಡೆಯ ತರುಣನೊಬ್ಬನಿಗೆ ನಗರದ ಸಂಸ್ಥೆಯೊಂದು ಕೆಲವು ತಿಂಗಳ ಸಂಬಳ ಕೊಡದೆ ಸತಾಯಿಸಿತು. ಲಿಖಿತ ಕರಾರು ಕೈಯಲ್ಲಿದ್ದುದರಿಂದ ಕೊನೆಗೆ ಪಡೆದುಕೊಂಡ. ಬಾಯಿಮಾತಿನ ಮೇಲೆ ಕೆಲಸಕ್ಕೆ ಸೇರಬಾರದೆಂದು ನಾವು ಎಲ್ಲ ತರುಣರಿಗೂ ಹೇಳುವುದು ಇದೇ ಕಾರಣಕ್ಕೆ.

2020ರ ಮಾರ್ಚಿಯಲ್ಲಿ ಆದದ್ದನ್ನಂತೂ ಯಾರೂ ಮರೆಯಲಾರರು. ಆ ತಿಂಗಳ ಆರಂಭದಲ್ಲಿ ಶಿರಸಿಯಲ್ಲಿ ಜಾತ್ರೆಯ ಜನಸಾಗರ. ಮೂರೇ ವಾರಗಳಲ್ಲಿ ನಾಲ್ಕು ಜನ ಒಟ್ಟಿಗೆ ನಿಲ್ಲುವುದೂ ಅಪರಾಧವಾಯಿತು. ಆ ವರ್ಷದ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ನಂತರ, 2021ಕ್ಕೆ ನಿಗದಿಯಾಗಿದ್ದ ಹಾವೇರಿಯ ಸಮ್ಮೇಳನ ಮುಂದಕ್ಕೆ ಹೋಗಿ ಹೋಗಿ ಕಡೆಗೆ 2023ರ ಜನವರಿಯಲ್ಲಿ ನಡೆಯಿತು. ಸಮ್ಮೇಳನವೇನೋ ಕಾಯಬಹುದು, ಅದನ್ನೇ ನಂಬಿದ ಮನೆಯ ಒಲೆ ಕಾಯುವುದಿಲ್ಲ. ನಗರದಿಂದ ಮರಳಿ ತೋಟದ ಕೆಲಸಕ್ಕೆ ಇಳಿದವರಿದ್ದರು, ಗಣಕಯಂತ್ರದ ಪರದೆಯ ಮೇಲೆಯೇ ಸಭೆ ನಡೆಸುವ ವಿದ್ಯೆ ಕಲಿತು ಉಳಿದುಕೊಂಡವರೂ ಇದ್ದರು. ಆದುದರಿಂದ ಕೈಯಲ್ಲಿ ಆರು ತಿಂಗಳ ಖರ್ಚನ್ನು ಕೂಡಿಡುವವರೆಗೆ ಹೊಸ ಮೋಟಾರ್ ಸೈಕಲ್ಲಿನ ಕಂತಿಗೆ ಸಹಿ ಹಾಕಬಾರದು. ಇದು ಹಳೆಯ ಕಾಲದ ಬುದ್ಧಿ ಎನಿಸಿದರೆ ಎನಿಸಲಿ.

ಹೆಣ್ಣುಮಕ್ಕಳ ವಿಚಾರ. ಈ ಕೆಲಸಕ್ಕೆ ಬೇಕಾದ ತಾಳ್ಮೆ, ಜ್ಞಾಪಕಶಕ್ತಿ, ಅತಿಥಿಯ ಮುಖ ನೋಡಿ ಹಸಿವನ್ನರಿಯುವ ಗುಣ ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಎದ್ದು ಕಾಣುತ್ತವೆ. ಮದುವೆಯೊಂದನ್ನು ಅಚ್ಚುಕಟ್ಟಾಗಿ ನಡೆಸಿದ ಅಜ್ಜಿಯಂದಿರು ಸಂಘಟಕರಲ್ಲದೆ ಮತ್ತೇನು? ರಾತ್ರಿ ತಡವಾಗುತ್ತದೆ, ಪರವೂರು ಎಂಬುದು ತಂದೆತಾಯಿಗಳ ಅಂಜಿಕೆ. ಅಂಜಿಕೆ ಸಕಾರಣವಾದುದೇ. ಆದರೆ ಅದಕ್ಕೆ ಪರಿಹಾರ ಮಗಳನ್ನು ತಡೆಯುವುದಲ್ಲ. ವಸತಿಯ ಏರ್ಪಾಟೇನು, ರಾತ್ರಿ ವಾಹನವಿದೆಯೇ, ಜೊತೆಗೆ ಬೇರೆ ಹೆಣ್ಣುಮಕ್ಕಳಿದ್ದಾರೆಯೇ ಎಂದು ಸಂಸ್ಥೆಯವರನ್ನು ನೇರವಾಗಿ ಕೇಳುವುದು. ಉತ್ತರಿಸಲು ತಡವರಿಸುವ ಸಂಸ್ಥೆಗೆ ಗಂಡುಮಕ್ಕಳನ್ನೂ ಕಳುಹಿಸಬೇಕಾಗಿಲ್ಲ.

ಇನ್ನು ನಮ್ಮ ಸಮಾಜದ ಸಭೆಗಳ ಬಗ್ಗೆ ಒಂದೆರಡು ಮಾತು ಹೇಳದೆ ವಿಧಿಯಿಲ್ಲ, ಹಿರಿಯರು ಬೇಸರಿಸಬಾರದು. ಹತ್ತು ಗಂಟೆಗೆಂದು ಅಚ್ಚು ಹಾಕಿಸಿ ಹನ್ನೆರಡಕ್ಕೆ ಆರಂಭಿಸುತ್ತೇವೆ. ವೇದಿಕೆಯ ಮೇಲೆ ಮೂವತ್ತು ಜನ, ಸ್ವಾಗತಕ್ಕೆ ಒಂದು ಗಂಟೆ, ಸನ್ಮಾನಕ್ಕೆ ಒಂದು ಗಂಟೆ. ವರ್ಷವಿಡೀ ಅಧ್ಯಯನ ಮಾಡಿ ಪ್ರಬಂಧ ಬರೆದು ತಂದ ಉಪನ್ಯಾಸಕಿಗೆ, ಸಮಯದ ಅಭಾವವೆಂದು ಹತ್ತು ನಿಮಿಷ. ಅಷ್ಟರಲ್ಲಿ ಊಟದ ಗಂಟೆ. ಓದಿದ ಪ್ರಬಂಧ ಎಲ್ಲಿ ಹೋಯಿತು, ಕೈಗೊಂಡ ಗೊತ್ತುವಳಿ ಯಾರ ಬಳಿ ಇದೆ ಎಂದು ಮರುವರ್ಷ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತರಬೇತಿ ಪಡೆದ ತರುಣನೊಬ್ಬನಿಗೆ ಯೋಗ್ಯ ಸಂಭಾವನೆ ಕೊಟ್ಟು, ಗಡಿಯಾರವನ್ನೂ ಅವನ ಕೈಗೇ ಕೊಟ್ಟರೆ ಈ ಅವ್ಯವಸ್ಥೆಯ ಅರ್ಧಭಾಗ ನಿಂತೀತು. ಅಧ್ಯಕ್ಷರ ಮುಂದೆ ಚೀಟಿ ಇಟ್ಟು, ಮಾತು ಮುಗಿಸಿರೆಂದು ವಿನಯದಿಂದ ಸೂಚಿಸುವ ಧೈರ್ಯ ಅವನಿಗಿರಬೇಕು. ಚೀಟಿ ಬಂದಾಗ ಮುಗಿಸುವ ಸೌಜನ್ಯ ನಮ್ಮಂಥವರಿಗೂ ಇರಬೇಕು.

ಈ ದಾರಿಯನ್ನು ಆಯ್ದುಕೊಳ್ಳಬಯಸುವ ಮಕ್ಕಳು ಬೆಂಗಳೂರಿಗೆ ಓಡುವ ಮುನ್ನ ಊರಿನಲ್ಲಿಯೇ ಕಲಿಯಬಹುದಾದುದು ಬಹಳವಿದೆ. ಬನವಾಸಿಯಲ್ಲಿ ಸರ್ಕಾರ ನಡೆಸುವ ಕದಂಬೋತ್ಸವ, ಅಲ್ಲಿಯ ಪಂಪ ಪ್ರಶಸ್ತಿ ಪ್ರದಾನ, ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿಚಾರ ಸಂಕಿರಣಗಳು, ಸಹಕಾರಿ ಸಂಘಗಳ ವಾರ್ಷಿಕ ಸಭೆಗಳು, ಯಕ್ಷಗಾನದ ರಾತ್ರಿಗಳು, ಇವೆಲ್ಲ ಪಾಠಶಾಲೆಗಳೇ. ಸ್ವಯಂಸೇವಕನಾಗಿ ಸೇರಿ, ಮೊದಲ ವರ್ಷ ನೋಂದಣಿಯ ಮೇಜಿನ ಬಳಿ ಕುಳಿತು, ಎರಡನೆಯ ವರ್ಷ ವಸತಿಯನ್ನು ನೋಡಿಕೊಂಡು, ಮೂರನೆಯ ವರ್ಷ ಲೆಕ್ಕ ಹಿಡಿದರೆ ಪದವಿಯ ಮೂರು ವರ್ಷಗಳಲ್ಲಿ ಇನ್ನೊಂದು ಪದವಿಯೇ ಆದೀತು. ಪ್ರತಿಯೊಂದು ಸಭೆಯ ನಂತರ ಎಷ್ಟು ಜನ ಬಂದರು, ಎಷ್ಟು ಎಲೆ ಹಾಕಿದೆವು, ಎಲ್ಲಿ ತಡವಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕೆಲಸ ಕೇಳಲು ಹೋದಾಗ ಅಂಕಪಟ್ಟಿಯ ಜೊತೆಗೆ ಆ ಪುಸ್ತಕವನ್ನೂ ಒಯ್ಯಲಿ.

ಮೊನ್ನೆ ಯಲ್ಲಾಪುರದ ಮನೆಯೊಂದರಲ್ಲಿ ಈ ಮಾತನ್ನು ನಾವು ಹೇಳುತ್ತಿದ್ದಾಗ ಆ ಮನೆಯ ತಾಯಿ ಒಳಗೆ ಹೋಗಿ, ಹಿರಿಯ ಮಗಳ ಮದುವೆಯಲ್ಲಿ ತಾನು ಬರೆದಿಟ್ಟಿದ್ದ ಸಾಮಾನಿನ ಪಟ್ಟಿಯ ವಹಿಯನ್ನು ತಂದು ಕಿರಿಯ ಮಗನ ಕೈಗಿತ್ತರು. ಅದರಲ್ಲಿ ಇನ್ನೂ ನಲವತ್ತು ಖಾಲಿ ಹಾಳೆಗಳಿದ್ದವು.